ಬೋಟಿನ ಚಕ್ರ ಬಿಗಿಯಾದರೆ, ಸಡಿಲಾದರೆ: ಕೇಬಲ್ ಕೊಳ್ಳುವ ಮೊದಲು ಲಿಂಕ್ ಕಳಚಿ ನೋಡಿ

ಕಾಸರಗೋಡಿನ ಕುಂಬಳೆ, ಮೊಗ್ರಾಲ್ ಕಡೆಯ ಮೀನುಗಾರಿಕೆ ದೋಣಿಗಳಲ್ಲಿ ಹೆಚ್ಚಿನವಕ್ಕೆ ಸ್ಟಿಯರಿಂಗ್ ಚಕ್ರವೇ ಇಲ್ಲ. ಹಿಂಬದಿಗೆ ಹೊರಗಿನಿಂದ ಸಿಕ್ಕಿಸಿದ ಔಟ್‌ಬೋರ್ಡ್ ಇಂಜಿನ್ನಿನ ಹಿಡಿಯನ್ನೇ ಹಿಡಿದು ದೋಣಿ ತಿರುಗಿಸುತ್ತಾರೆ, ಕೆಡಲಿಕ್ಕೆ ಅಲ್ಲಿ ಎಂತದ್ದೂ ಇಲ್ಲ. ಚಕ್ರದ ತಾಪತ್ರಯ ಇರುವುದು ಯಾರೋ ಓಡಿಸಿ ಬಿಟ್ಟ ಹಳೆ ಫೈಬರ್ ಬೋಟನ್ನು ಕೊಂಡು ತಂದು ಚಂದ್ರಗಿರಿಯಲ್ಲೋ ಕುಂಬಳೆ ಹೊಳೆಯಲ್ಲೋ ಓಡಿಸುವ ನನ್ನಂಥವರಿಗೆ. ಜೂನಿನಲ್ಲಿ ಬೋಟನ್ನು ದಡಕ್ಕೆ ಎಳೆದು, ಮಡಲಿನ ಚಪ್ಪರದಡಿ ಇಟ್ಟು, ಮಳೆ ಬಿಟ್ಟ ಮೇಲೆ ಬಂದು ಚಕ್ರ ಹಿಡಿದರೆ ಅದು ಗೋಡೆಗೆ ಹೊಡೆದ ಮೊಳೆಯ ಹಾಗೆ ಕೂತಿರುತ್ತದೆ.

ನನಗೆ ಮೊದಲ ಸಲ ಹಾಗಾದಾಗ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆ. ಅವರು ಚಕ್ರವನ್ನು ಎರಡು ಸಲ ಅಲುಗಾಡಿಸಿ, "ಕೇಬಲ್ ಹೋಗಿದೆ ಮಾರಾಯ್ರೇ, ಹೊಸತು ತನ್ನಿ" ಅಂದರು. ಮಂಗಳೂರಿನ ಬಂದರಿಗೆ ಹೋಗಿ ಕೇಬಲ್ ತಂದು, ಒಂದು ಇಡೀ ಭಾನುವಾರ ಕೂತು ಹಾಕಿದ್ದಾಯಿತು. ಚಕ್ರ ಮೊದಲಿನಷ್ಟೇ ಬಿಗಿ. ದೋಷ ಇದ್ದದ್ದು ಇಂಜಿನ್ ತಿರುಗುವ ಕೊಳವೆಯಲ್ಲಿ; ಅಲ್ಲಿನ ಗ್ರೀಸ್ ಒಣಗಿ ಮೇಣವಾಗಿತ್ತು. ಕಳಚಿದ ಹಳೆ ಕೇಬಲ್ ಈಗಲೂ ಶೆಡ್ಡಿನ ಅಡ್ಡೆಗೆ ನೇತಾಡುತ್ತಿದೆ, ಏನೂ ಆಗದೆ.

ಬಲ ಹೋಗುವ ದಾರಿ ಹೀಗೆ. ಚಕ್ರದ ಹಿಂದೆ ಹಲ್ಲುಗಾಲಿಯ ಪೆಟ್ಟಿಗೆ, ಅದೇ ಹೆಲ್ಮ್. ಅದು ಕೇಬಲ್ಲಿನ ಒಳತಂತಿಯನ್ನು ತಳ್ಳುತ್ತದೆ, ಎಳೆಯುತ್ತದೆ. ತಂತಿಯ ಹಿಂದಿನ ತುದಿಯಲ್ಲಿ ಹೆಬ್ಬೆರಳು ದಪ್ಪದ ಸ್ಟೀಲ್ ಸರಳು. ಆ ಸರಳು ಇಂಜಿನ್ನಿನ ಮುಂಭಾಗದಲ್ಲಿ ಅಡ್ಡಕ್ಕಿರುವ ಟಿಲ್ಟ್ ಟ್ಯೂಬಿನೊಳಗೆ ಓಡಾಡುತ್ತದೆ. ಸರಳಿನ ತುದಿಯಿಂದ ಇಂಜಿನ್ನಿನ ತೋಳಿಗೆ ಒಂದು ಲಿಂಕ್ ರಾಡ್. ಇಂಜಿನ್ ತಾನು ನಿಂತಲ್ಲೇ ಎಡಬಲ ತಿರುಗುವುದು ಸ್ವಿವೆಲ್ ಕೊಳವೆಯ ಮೇಲೆ. ಎಲ್ಲಿ ಹಿಡಿದುಕೊಂಡರೂ ಚಕ್ರದಲ್ಲಿ ನಿಮ್ಮ ಕೈಗೆ ಸಿಗುವುದು ಒಂದೇ ಬಿಗಿ. ಆದ್ದರಿಂದ ಚಕ್ರ ಹಿಡಿದು ದೋಷ ಹೇಳುವವರನ್ನು ನಾನು ಈಗ ನಂಬುವುದಿಲ್ಲ.

ಕೈ ಹಾಕುವ ಮೊದಲು ಬ್ಯಾಟರಿಯ ವಯರ್ ಬಿಚ್ಚಿ, ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ಹಗ್ಗ ತೆಗೆದು ಕಿಸೆಗೆ ಹಾಕಿ. ಪೆಟ್ರೋಲ್ ಟ್ಯಾಂಕ್ ದೂರ ಇರಲಿ. ಇಂಜಿನ್ ಎತ್ತಿಟ್ಟು ಕೆಲಸ ಮಾಡುವುದಾದರೆ ಅದರ ಆಧಾರದ ಕೊಕ್ಕೆ ಸರಿಯಾಗಿ ಕೂತಿದೆಯೋ ನೋಡಿ. ಲಿಂಕ್ ಬಿಚ್ಚಿದ ಇಂಜಿನ್ ಒಂದೇ ಸಲಕ್ಕೆ ಪಕ್ಕಕ್ಕೆ ವಾಲುತ್ತದೆ, ನಡುವೆ ಬೆರಳಿದ್ದರೆ ಕಥೆ ಮುಗಿಯಿತು.

ಚಕ್ರ ಬಿಗಿ, ಆದರೆ ಕಷ್ಟಪಟ್ಟರೆ ತಿರುಗುತ್ತದೆ

ಮೊದಲು ಹಣ ಬೇಡದ ಕೆಲಸ. ಕೇಬಲ್ ಹೋದ ದಾರಿಯನ್ನೆಲ್ಲ ಕಣ್ಣಿನಿಂದ ನೋಡಿ. ಲಂಗರಿನ ಹಗ್ಗ, ಮೀನಿನ ಪೆಟ್ಟಿಗೆ, ಡೀಸೆಲ್ ಕ್ಯಾನು ಕೇಬಲ್ಲಿನ ಮೇಲೆ ಕೂತಿರಬಹುದು. ಚಕ್ರದ ಹಿಂದೆ ಹೊಸದಾಗಿ ಏನಾದರೂ ವಯರಿಂಗ್ ಮಾಡಿಸಿದ್ದರೆ ಅದರ ಪಟ್ಟಿ ಕೇಬಲ್ಲನ್ನೂ ಸೇರಿಸಿ ಬಿಗಿದಿರಬಹುದು. ಕೇಬಲ್ ಎಲ್ಲೂ ಚೂಪಾಗಿ ಮಡಚಿರಬಾರದು. ಬಳಸಿ ಬರುವಲ್ಲಿ ಕನಿಷ್ಠ 8 ಇಂಚು ತ್ರಿಜ್ಯದ ತಿರುವು ಬೇಕು, ಅಂದರೆ ಊಟದ ದೊಡ್ಡ ಬಟ್ಟಲಿಗಿಂತ ಅಗಲ.

ಆಮೇಲೆ ಮುಖ್ಯ ಪರೀಕ್ಷೆ. ಲಿಂಕ್ ರಾಡನ್ನು ಇಂಜಿನ್ನಿನ ತೋಳಿನಿಂದ ಕಳಚಿ. ಎರಡು ಸ್ಪಾನರ್, ಹತ್ತು ನಿಮಿಷ. ಈಗ ಇಂಜಿನ್ನನ್ನು ಕೈಯಿಂದ ಎಡಕ್ಕೆ, ಬಲಕ್ಕೆ ತಿರುಗಿಸಿ.

ಇಂಜಿನ್ ಬಿಗಿಯಾಗಿದ್ದರೆ ಕೇಬಲ್ಲಿನ ತಪ್ಪಿಲ್ಲ. ಸ್ವಿವೆಲ್ ಕೊಳವೆಯ ಗ್ರೀಸ್ ಸತ್ತಿದೆ. ಇಂಜಿನ್ನಿನ ಬ್ರಾಕೆಟಿನಲ್ಲಿ ಗ್ರೀಸ್ ನಿಪ್ಪಲ್‌ಗಳು, ಅಂದರೆ ಗ್ರೀಸ್ ತುಂಬುವ ಸಣ್ಣ ಮೊಳೆಯಂಥ ಬಾಯಿಗಳು, ಇರುತ್ತವೆ. ಹಳೆ ಇಂಜಿನ್ನಿನಲ್ಲಿ ಬಣ್ಣ ಬಳಿದು ಬಳಿದು ಅವು ಕಾಣುವುದೂ ಇಲ್ಲ. ಕೆರೆದು ತೆಗೆದು ಗ್ರೀಸ್ ಗನ್ ಹಾಕಿ. ಒಬ್ಬರು ಗನ್ ಒತ್ತುವಾಗ ಇನ್ನೊಬ್ಬರು ಇಂಜಿನ್ನನ್ನು ಎಡಬಲ ಆಡಿಸುತ್ತಿರಬೇಕು. ಮೇಲಿನಿಂದಲೂ ಕೆಳಗಿನಿಂದಲೂ ಕಪ್ಪು ಗ್ರೀಸ್ ಹೊರಬಂದು, ಅದರ ಹಿಂದೆ ಹೊಸತರ ಬಣ್ಣ ಕಾಣುವವರೆಗೆ ಬಿಡಬೇಡಿ. ಗನ್ ಒತ್ತಿದರೂ ಗ್ರೀಸ್ ಒಳಗೆ ಹೋಗದೆ ನಿಪ್ಪಲ್ಲಿನ ಸುತ್ತ ಹೊರಗೆ ಬಂದರೆ ನಿಪ್ಪಲ್ ಬಿಚ್ಚಿ, ತಂತಿಯಿಂದ ರಂಧ್ರ ಬಿಡಿಸಿ. ಆದರೂ ಹೋಗದಿದ್ದರೆ ಗೋಣಿ ತಾಟನ್ನು ಕುದಿನೀರಿನಲ್ಲಿ ಅದ್ದಿ ಬ್ರಾಕೆಟಿಗೆ ಸುತ್ತಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಿ. ನನ್ನ ಬೋಟಿಗೆ ಕೊನೆಗೆ ಕೆಲಸ ಮಾಡಿದ್ದು ಈ ಗೋಣಿ ತಾಟೇ.

ಇಂಜಿನ್ ಹಗುರವಾಗಿ ತಿರುಗಿತು ಅಂದುಕೊಳ್ಳಿ. ಹಾಗಾದರೆ ಲಿಂಕ್ ಇಲ್ಲದೆಯೇ ಚಕ್ರ ತಿರುಗಿಸಿ ನೋಡಿ. ಬಿಗಿ ಅಲ್ಲೇ ಉಳಿದಿದ್ದರೆ ಟಿಲ್ಟ್ ಟ್ಯೂಬು, ಕೇಬಲ್, ಹೆಲ್ಮ್ ಈ ಮೂರರಲ್ಲಿ ಒಂದು. ಇದನ್ನೂ ಹಾಗೆಯೇ ಭಾಗ ಮಾಡಬೇಕು. ಟ್ಯೂಬಿನ ಬಾಯಿಯಲ್ಲಿರುವ ದೊಡ್ಡ ನಟ್ ಬಿಚ್ಚಿ, ಸರಳನ್ನು ಟ್ಯೂಬಿನಿಂದ ಪಕ್ಕಕ್ಕೆ ಎಳೆದು ತೆಗೆಯಿರಿ. ಹೀಗೆ ಎಳೆಯಲು ಬೋಟಿನ ಆ ಬದಿಯಲ್ಲಿ ಜಾಗ ಬೇಕು, ಇಂಜಿನ್ ಸ್ವಲ್ಪ ಎತ್ತಿದರೆ ಸುಲಭ. ಮತ್ತೆ ಚಕ್ರ ತಿರುಗಿಸಿ. ಈಗ ಹಗುರವಾದರೆ ದೋಷ ಟ್ಯೂಬಿನ ಒಳಗೆ. ಇನ್ನೂ ಬಿಗಿ ಇದ್ದರೆ ಹೆಲ್ಮಿನಿಂದಲೂ ಕೇಬಲ್ ಬಿಚ್ಚಿ, ಬರಿಯ ಹೆಲ್ಮನ್ನು ತಿರುಗಿಸಿ. ಅದು ಸರಾಗವಾದರೆ ಕೊನೆಗೆ ಉಳಿಯುವ ಆರೋಪಿ ಕೇಬಲ್. ಆಗ ಮಾತ್ರ ಮಂಗಳೂರಿಗೆ ಹೋಗಿ.

ಉಪ್ಪುನೀರಿನಲ್ಲಿ ಓಡುವ ಬೋಟಿಗೆ ಹೆಚ್ಚಾಗಿ ಸಿಕ್ಕಿಬೀಳುವುದು ಟಿಲ್ಟ್ ಟ್ಯೂಬು. ಇಂಜಿನ್ನಿನ ಒಳಗೆ ಸಿಹಿನೀರು ಬಿಟ್ಟು ತೊಳೆದೆವು, ಎಲ್ಲ ಸರಿ ಎಂದು ನಾವು ಅಂದುಕೊಳ್ಳುತ್ತೇವೆ. ಆ ನೀರು ಈ ಟ್ಯೂಬಿಗೆ ಹೋಗುವುದೇ ಇಲ್ಲ. ಉಪ್ಪು, ಹೊಯಿಗೆ, ಒಣಗಿದ ಗ್ರೀಸ್ ಸೇರಿ ಒಳಗೆ ಸಿಮೆಂಟಿನ ಹಾಗೆ ಕಟ್ಟಿಕೊಳ್ಳುತ್ತದೆ. ಉದ್ದ ಹಿಡಿಯ ತಂತಿ ಬ್ರಷ್ ಹಾಕಿ ಉಜ್ಜಿ, ಬಟ್ಟೆ ಎಳೆದು ಒರೆಸಿ. ಟಾರ್ಚ್ ಬಿಟ್ಟು ನೋಡಿದರೆ ಈ ಕಡೆಯಿಂದ ಆ ಕಡೆಗೆ ಹೊಳಪು ಕಾಣಬೇಕು. ಸರಳನ್ನೂ ನಯವಾದ ಎಮರಿ ಕಾಗದದಿಂದ ಉಜ್ಜಿ. ಉಜ್ಜಿದ ಮೇಲೂ ಬೆರಳಿಗೆ ಗುಳಿ ತಾಗಿದರೆ, ಸರಳು ಬಾಗಿದ್ದರೆ, ಆ ಕೇಬಲ್ ಮತ್ತೆ ಹಾಕುವಂಥದ್ದಲ್ಲ. ಸರಳು ಮಾತ್ರ ಬೇರೆ ಸಿಗುವುದಿಲ್ಲ.

ಹಾಕುವ ಗ್ರೀಸ್ ನೀರಿಗೆ ತಡೆಯುವ ಮರೈನ್ ಗ್ರೀಸೇ ಆಗಲಿ. ನಮ್ಮಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆ ಮದ್ದು. ನಾಲ್ಕು ದಿನ ಚಕ್ರ ಹೂವಿನಂತೆ ತಿರುಗುತ್ತದೆ, ಆಮೇಲೆ ಎಣ್ಣೆ ಅಂಟಾಗಿ ಹೊಯಿಗೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಂಜಿನ್ನಿನಿಂದ ತೆಗೆದ ಹಳೆ ಆಯಿಲ್ ಕೂಡ ಬೇಡ.

ಇನ್ನೊಂದು ಸಂಗತಿ, ತಿಳಿದವರೂ ತಪ್ಪುವಂಥದ್ದು. ಕೆಲವು ಕೇಬಲ್ಲುಗಳ ಹಿಂದಿನ ತುದಿಯಲ್ಲೇ ಗ್ರೀಸ್ ನಿಪ್ಪಲ್ ಇರುತ್ತದೆ. ಅಲ್ಲಿ ಗ್ರೀಸ್ ತುಂಬುವಾಗ ಸರಳು ಪೂರ್ತಿ ಒಳಗೆ ಸರಿದಿರಬೇಕು. ಹೊರಗೆ ಚಾಚಿರುವಾಗ ತುಂಬಿದರೆ, ಸರಳು ಹಿಂದೆ ಬರಬೇಕಾದ ಜಾಗದಲ್ಲಿ ಗ್ರೀಸ್ ಕೂತಿರುತ್ತದೆ. ಅದಕ್ಕೆ ಹೋಗಲು ದಾರಿ ಇಲ್ಲ, ಸರಳಿಗೆ ಬರಲು ಜಾಗ ಇಲ್ಲ. ಹೊಳೆಯ ನಡುವೆ ಒಂದು ಬದಿಗೆ ತಿರುಗಿದ ಬೋಟು ಮತ್ತೆ ನೇರವಾಗುವುದಿಲ್ಲ.

ಮಳೆಗಾಲ ಕಳೆದ ಮೇಲೆ ಚಕ್ರ ಅಲುಗುವುದೇ ಇಲ್ಲ

ಇಲ್ಲಿ ಆಗುವ ದೊಡ್ಡ ನಷ್ಟ ದೋಷದಿಂದಲ್ಲ, ಇಬ್ಬರು ಗಟ್ಟಿಗರು ಚಕ್ರಕ್ಕೆ ಜೋತುಬೀಳುವುದರಿಂದ. ಟ್ಯೂಬಿನಲ್ಲಿ ಸರಳು ಹಿಡಿದಿದೆ, ಇವರು ಹೆಲ್ಮಿನ ಹಲ್ಲು ಮುರಿಯುತ್ತಾರೆ. ಒಂದು ಕೆಲಸ ಎರಡಾಯಿತು.

ಲಿಂಕ್ ಕಳಚಿ. ಟ್ಯೂಬಿನ ಎರಡೂ ಬಾಯಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿ ಬಿಡಿ. ಮಾರನೆ ದಿನ ಮತ್ತೆ ಹೊಡೆಯಿರಿ. ಅವಸರ ಬೇಡ, ಎರಡು ಮೂರು ದಿನ ಹಿಡಿಯಬಹುದು. ಕುದಿನೀರಿನ ತಾಟು ಇಲ್ಲಿಯೂ ಆದೀತು. ಆಮೇಲೆ ಸರಳಿನ ತುದಿಗೆ ಮರದ ತುಂಡು ಕೊಟ್ಟು ಸುತ್ತಿಗೆಯಿಂದ ಮೆಲ್ಲ ಬಡಿಯಿರಿ. ಸರಳಿಗೇ ನೇರ ಹೊಡೆದರೆ ತುದಿ ಅರಳಿ ಅಣಬೆಯಾಗುತ್ತದೆ, ಮತ್ತೆ ಅದು ಟ್ಯೂಬಿನಿಂದ ಹೊರಬರುವುದೇ ಇಲ್ಲ. ಒಂದು ನೂಲು ಅಲುಗಿದರೂ ಗೆದ್ದ ಹಾಗೆ. ಆಚೆ ಒಂದಿಷ್ಟು, ಈಚೆ ಒಂದಿಷ್ಟು ಆಡಿಸುತ್ತಾ ಬನ್ನಿ.

ಗ್ಯಾಸ್ ಬೆಂಕಿ ಹಿಡಿಯುವವರಿದ್ದಾರೆ. ಪೆಟ್ರೋಲ್ ಇಂಜಿನ್, ಫೈಬರ್ ಮೈ, ಈಗಷ್ಟೇ ಹೊಡೆದ ಸ್ಪ್ರೇ. ಬೇಡ. ಬೆಂಕಿಯಿಲ್ಲದೆ ಬರದಿದ್ದರೆ ಇಂಜಿನ್ ಬಿಚ್ಚಿ ವರ್ಕ್‌ಶಾಪಿಗೆ ಒಯ್ದು ಟ್ಯೂಬ್ ಸಮೇತ ತೆಗೆಸಿ. ಅಲ್ಲಿಗೆ ನಮ್ಮ ಕೆಲಸ ನಿಂತಿತು.

ಚಕ್ರ ತುಂಬಾ ತಿರುಗಿದ ಮೇಲೆ ಬೋಟು ತಿರುಗುತ್ತದೆ

ಇದನ್ನು ನಮ್ಮಲ್ಲಿ ‘ಪ್ಲೇ ಬಂದಿದೆ’ ಅನ್ನುತ್ತಾರೆ. ಒಬ್ಬರು ಚಕ್ರವನ್ನು ಸ್ವಲ್ಪ ಸ್ವಲ್ಪವೇ ಆಚೆಈಚೆ ಆಡಿಸಲಿ. ನೀವು ಹಿಂದೆ ಕೂತು ಒಂದೊಂದು ಕೀಲನ್ನೂ ಬೆರಳಿಟ್ಟು ನೋಡುತ್ತಾ ಬನ್ನಿ. ಲಿಂಕ್ ರಾಡಿನ ಎರಡು ತುದಿ, ಟ್ಯೂಬಿನ ಬಾಯಿಯ ದೊಡ್ಡ ನಟ್, ಇಂಜಿನ್ ತೋಳಿನ ಬೋಲ್ಟ್, ಹೆಲ್ಮನ್ನು ಡ್ಯಾಶ್‌ಬೋರ್ಡಿಗೆ ಹಿಡಿದ ಸ್ಕ್ರೂ. ಎಲ್ಲಿ ಒಂದು ಕಡೆ ಅಲುಗಿ ಇನ್ನೊಂದು ಕಡೆ ಸುಮ್ಮನಿರುತ್ತದೋ ಅಲ್ಲೇ ಸವೆತ. ಹಳೆ ಬೋಟಿನಲ್ಲಿ ಡ್ಯಾಶ್‌ಬೋರ್ಡಿನ ಪ್ಲೈವುಡ್ಡೇ ಕೊಳೆತು ಹೆಲ್ಮ್ ಸಮೇತ ಅಲುಗುವುದುಂಟು.

ಲಿಂಕಿನ ನಟ್ ಸಡಿಲವಿದ್ದರೆ ಹೊಸ ನೈಲಾನ್ ಲಾಕ್ ನಟ್ ಹಾಕಿ. ಒಮ್ಮೆ ಬಿಚ್ಚಿದ್ದರ ನೈಲಾನಿಗೆ ಹಿಡಿತ ಉಳಿಯುವುದಿಲ್ಲ. ಪೆಟ್ಟಿಗೆಯ ತಳದಲ್ಲಿ ಸಿಕ್ಕಿದ ಮಾಮೂಲಿ ಕಬ್ಬಿಣದ ಬೋಲ್ಟನ್ನು ಇಲ್ಲಿ ಹಾಕಬೇಡಿ. ಒಂದು ಮಳೆಗಾಲಕ್ಕೆ ಅದು ಅರ್ಧ ಸವೆದಿರುತ್ತದೆ, ನಮ್ಮ ಜೀವ ನಿಂತಿರುವುದು ಅದೊಂದರ ಮೇಲೆ.

ಕೀಲುಗಳೆಲ್ಲ ಗಟ್ಟಿ ಇದ್ದೂ ಚಕ್ರದಲ್ಲಿ ಆಟ ಇದ್ದರೆ ಹೆಲ್ಮಿನ ಹಲ್ಲೋ ಕೇಬಲ್ಲಿನ ಒಳತಂತಿಯೋ ಸವೆದಿದೆ. ಹೆಲ್ಮ್ ತೆರೆದು ಹಲ್ಲಿಗೆ ವೆಲ್ಡಿಂಗ್ ಮಾಡಿಸುವ ಸಾಹಸ ಮಾಡಬೇಡಿ. ಎರಡೂ ಒಟ್ಟಿಗೆ ಹಳತಾದವು, ಒಟ್ಟಿಗೆ ಬದಲಾಯಿಸುವುದೇ ಲೇಸು.

ಕೈ ಬಿಟ್ಟರೆ ಬೋಟು ಒಂದೇ ಬದಿಗೆ ಎಳೆಯುತ್ತದೆ

ಸ್ಟಿಯರಿಂಗ್ ಬಿಚ್ಚುವ ಮೊದಲು ಬೋಟಿನಲ್ಲಿ ಯಾರು ಎಲ್ಲಿ ಕೂತಿದ್ದಾರೆ ನೋಡಿ. ಟ್ಯಾಂಕು, ಬಲೆ, ಮೀನಿನ ಪೆಟ್ಟಿಗೆ ಎಲ್ಲ ಒಂದೇ ಬದಿಗೆ ಇದ್ದರೆ ಬೋಟು ವಾಲದೆ ಏನು ಮಾಡೀತು? ಆಮೇಲೆ ಇಂಜಿನ್ ಎತ್ತಿ ಕೆಳಭಾಗ ನೋಡಿ. ಅಳಿವೆಯ ಹತ್ತಿರ ಹರಿದ ಬಲೆಯ ತುಂಡು ತೇಲುತ್ತಲೇ ಇರುತ್ತದೆ. ಪ್ರೊಪೆಲ್ಲರಿಗೋ ಅದರ ಕೆಳಗಿನ ರೆಕ್ಕೆಗೋ ಸುತ್ತಿಕೊಂಡರೆ ಹೀಗೇ ಎಳೆಯುತ್ತದೆ. ಇಂಜಿನ್ ತೀರಾ ಒಳಗೆ ಬಾಗಿ ಬೋಟಿನ ಮೂತಿ ನೀರಿಗೆ ತಾಗಿಕೊಂಡು ಓಡುವಾಗಲೂ ಚಕ್ರ ಭಾರವಾಗುತ್ತದೆ. ಸ್ವಲ್ಪ ಟ್ರಿಮ್ ಎತ್ತಿ, ಅಂದರೆ ಇಂಜಿನ್ನಿನ ಕೆಳಭಾಗವನ್ನು ಬೋಟಿನಿಂದ ಸ್ವಲ್ಪ ಹೊರಕ್ಕೆ ಎತ್ತಿ, ನೋಡಿ.

ಇವೆಲ್ಲ ಸರಿ ಇದ್ದರೆ ಪ್ರೊಪೆಲ್ಲರಿನ ಮೇಲ್ಗಡೆ, ಅಡ್ಡ ತಟ್ಟೆಯ ಅಡಿಯಲ್ಲಿ ಮೀನಿನ ಈಜುರೆಕ್ಕೆಯಂಥ ಒಂದು ಸಣ್ಣ ತುಂಡು ಇದೆ. ಅದೇ ಟ್ರಿಮ್ ಟ್ಯಾಬ್, ಪ್ರೊಪೆಲ್ಲರ್ ತಿರುಗುವಾಗಿನ ಎಳೆತವನ್ನು ಸರಿದೂಗಿಸುವುದು ಅದರ ಕೆಲಸ. ಬೋಟು ಬಲಕ್ಕೆ ಎಳೆಯುತ್ತಿದ್ದರೆ ಬೋಲ್ಟ್ ಸಡಿಲಿಸಿ ಟ್ಯಾಬಿನ ಹಿಂದಿನ ತುದಿಯನ್ನು ಬಲಕ್ಕೇ ತಿರುಗಿಸಬೇಕು, ಎಡಕ್ಕೆ ಎಳೆದರೆ ಎಡಕ್ಕೆ. ಉಲ್ಟಾ ಹೇಳಿದ ಹಾಗೆ ಕೇಳುತ್ತದೆ, ನಾನೂ ಮೊದಲ ಸಲ ತಪ್ಪಾಗಿಯೇ ತಿರುಗಿಸಿದ್ದೆ. ಒಂದೊಂದು ಸಲಕ್ಕೆ ಸ್ವಲ್ಪವೇ ತಿರುಗಿಸಿ ಓಡಿಸಿ ನೋಡಿ. ಹಲವು ಇಂಜಿನ್ನುಗಳಲ್ಲಿ ಇದು ಸತುವಿನದು, ಇಂಜಿನ್ನಿನ ಬದಲು ತಾನು ಸವೆಯಲೆಂದೇ ಇಟ್ಟದ್ದು. ಅದಕ್ಕೆ ಬಣ್ಣ ಬಳಿಯಬಾರದು. ಅರ್ಧ ಕರಗಿದ್ದರೆ ಹೊಸತು ಹಾಕಿ.

ಚಕ್ರ ಸುಮ್ಮನೆ ತಿರುಗುತ್ತದೆ, ಇಂಜಿನ್ ಅಲುಗುವುದಿಲ್ಲ

ಇದು ನೀರಿನ ಮೇಲೆ ಇರುವಾಗ ಆದರೆ ಮೊದಲು ಥ್ರಾಟಲ್ ಇಳಿಸಿ. ವೇಗದಲ್ಲಿರುವ ಇಂಜಿನ್ನಿಗೆ ಕೈ ಕೊಟ್ಟು ತಿರುಗಿಸಲು ಹೋಗಬೇಡಿ. ನ್ಯೂಟ್ರಲ್‌ಗೆ ತಂದು ಎಲ್ಲರಿಗೂ ಲೈಫ್ ಜಾಕೆಟ್ ಹಾಕಿಸಿ, ಕೆಳಗೆ ಕೂರಿಸಿ. ಅಳಿವೆಯ ಹತ್ತಿರವಾದರೆ ತೆರೆ ಒಡೆಯುವ ಕಡೆಗೆ ತೇಲಿ ಹೋಗುವ ಮೊದಲೇ ಮುಂದಿನಿಂದ ಲಂಗರು ಬಿಡಿ. ಹಿಂದಿನಿಂದ ಬಿಟ್ಟರೆ ತೆರೆ ನೇರ ಬೋಟಿನ ಒಳಗೆ ಬರುತ್ತದೆ. ಹೊಳೆಯಲ್ಲಾದರೆ ಹುಟ್ಟು ಸಾಕು. ಸಮುದ್ರದಲ್ಲಿ ಕೈಮೀರಿದರೆ ಕೋಸ್ಟ್ ಗಾರ್ಡಿನ 1554ಕ್ಕೆ ಕರೆ ಮಾಡಿ, ವಿಎಚ್‌ಎಫ್ ರೇಡಿಯೋ ಇದ್ದರೆ 16ನೇ ಚಾನೆಲ್. ಮಾನ ಹೋಗುತ್ತದೆ ಅಂತ ಕತ್ತಲಾಗುವವರೆಗೆ ಕಾಯಬೇಡಿ.

ದಡಕ್ಕೆ ಬಂದ ಮೇಲೆ ನೋಡುವುದು ಸುಲಭ. ಚಕ್ರ ತಿರುಗಿಸಿದಾಗ ಹಿಂದೆ ಸರಳು ಓಡಾಡುತ್ತಿದ್ದರೆ ಲಿಂಕಿನ ಬೋಲ್ಟ್ ಬಿದ್ದುಹೋಗಿದೆ. ಸರಳೂ ಅಲುಗದಿದ್ದರೆ ಕೇಬಲ್ ಒಳಗೆ ತುಂಡಾಗಿದೆ ಇಲ್ಲವೇ ಹೆಲ್ಮ್ ಹೋಗಿದೆ. ಎರಡಕ್ಕೂ ತೇಪೆ ಇಲ್ಲ.

ಕೇಬಲ್ಲಿನ ಬದಲು ಎಣ್ಣೆಯ ಒತ್ತಡದಿಂದ ನಡೆಯುವ (ಹೈಡ್ರಾಲಿಕ್) ಸ್ಟಿಯರಿಂಗ್ ಇರುವ ಬೋಟುಗಳಲ್ಲಿ ಇದರ ಮೊದಲ ಸೂಚನೆ ಬೇರೆ. ಚಕ್ರ ಮೆತ್ತಗಾಗುತ್ತದೆ, ಒಂದು ಬದಿಯ ಕೊನೆಯಿಂದ ಇನ್ನೊಂದು ಕೊನೆಗೆ ಮೊದಲಿಗಿಂತ ಹೆಚ್ಚು ಸುತ್ತು ಬೇಕಾಗುತ್ತದೆ. ಒಳಗೆ ಗಾಳಿ ಸೇರಿದೆ ಎಂದು ಅರ್ಥ. ಹೆಲ್ಮಿನ ಮುಚ್ಚಳ ತೆಗೆದು ಎಣ್ಣೆಯ ಮಟ್ಟ ನೋಡಿ, ಪೈಪಿನ ಕೀಲುಗಳನ್ನು ಮತ್ತು ಸಿಲಿಂಡರಿನ ಎರಡು ತುದಿಗಳನ್ನು ಬಿಳಿ ಕಾಗದದಿಂದ ಒರೆಸಿ ಎಲ್ಲಿ ಜಿನುಗುತ್ತದೆಂದು ಹುಡುಕಿ. ಜಿನುಗುವುದನ್ನು ನಿಲ್ಲಿಸದೆ ಎಣ್ಣೆ ತುಂಬಿ ಗಾಳಿ ತೆಗೆದರೆ ಮುಂದಿನ ವಾರ ಮತ್ತೆ ಅದೇ ಕೆಲಸ. ತುಂಬುವುದು ಸ್ಟಿಯರಿಂಗ್ ತಯಾರಕರು ಹೇಳಿದ ಎಣ್ಣೆಯೇ ಆಗಬೇಕು. ಕಾರಿನ ಬ್ರೇಕ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಹಾಳಾಗುತ್ತವೆ. ಸಿಲಿಂಡರಿನ ಸೀಲ್ ಬದಲಾಯಿಸುವುದು ಮನೆಯಂಗಳದ ಕೆಲಸವಲ್ಲ.

ಚುಕ್ಕಾಣಿ ಇರುವ ಒಳ-ಇಂಜಿನ್ ಬೋಟು

ಮಂಜೇಶ್ವರ ಬಂದರಿನಲ್ಲಿ ನಿಲ್ಲುವಂಥ ಡೀಸೆಲ್ ಬೋಟುಗಳಲ್ಲಿ ಚಕ್ರದಿಂದ ಚೈನು, ಉಕ್ಕಿನ ಹಗ್ಗ, ರಾಟೆಗಳ ಮೂಲಕ ಬಲ ಚುಕ್ಕಾಣಿಗೆ ಹೋಗುತ್ತದೆ. ಹಗ್ಗದ ಮೇಲೆ ಬಟ್ಟೆ ಹಿಡಿದು ಎಳೆಯಿರಿ, ಬರಿಗೈ ಬೇಡ. ಬಟ್ಟೆಯ ನೂಲು ಸಿಕ್ಕಿದಲ್ಲಿ ಎಳೆ ತುಂಡಾಗಿದೆ, ಹಗ್ಗ ಬದಲಾಯಿಸುವ ಹೊತ್ತಾಯಿತು. ಸವೆತ ಹೆಚ್ಚಾಗಿ ರಾಟೆಯ ಮೇಲೆ ಹಾಯುವ ಜಾಗದಲ್ಲೇ. ಕ್ಲಿಪ್ ಹಾಕುವಾಗ ಯು ಆಕಾರದ ಭಾಗ ಹಗ್ಗದ ಗಿಡ್ಡ ತುದಿಯ ಮೇಲೆ ಕೂರಬೇಕು, ಎಳೆಯುವ ಹಗ್ಗದ ಮೇಲಲ್ಲ. ಹಗ್ಗ ಸರಿ ಇದ್ದೂ ಬೋಟು ತಿರುಗದಿದ್ದರೆ ಚುಕ್ಕಾಣಿಯ ದಂಡಕ್ಕೂ ತೋಳಿಗೂ ನಡುವಿನ ಕೀ, ಅಂದರೆ ಎರಡನ್ನೂ ಹಿಡಿದಿಡುವ ಲೋಹದ ಬೆಣೆ, ಕಡಿದಿರಬಹುದು. ದಂಡದ ಸುತ್ತ ನೀರು ಜಿನುಗಿದರೆ ಅಲ್ಲಿ ನೀರು ತಡೆಯುವ ಗ್ಲ್ಯಾಂಡಿನ ನಟ್ಟನ್ನು ಸ್ವಲ್ಪ ಬಿಗಿ ಮಾಡಿ ನೋಡಬಹುದು. ಆದರೆ ಬೋಟು ನೀರಿನಲ್ಲಿರುವಾಗ ಅದನ್ನು ಬಿಚ್ಚಬಾರದು, ಆ ಕೊಳವೆಯ ಬಾಯಿ ನೀರಿನ ಮಟ್ಟಕ್ಕಿಂತ ಕೆಳಗಿರಬಹುದು.

ಬದಲಾಯಿಸಲೇಬೇಕಾದಾಗ

ಕೇಬಲ್ಲಿನ ಹೊರಗಿನ ಪ್ಲಾಸ್ಟಿಕ್ ಬಿರಿದು ಒಳಗಿಂದ ತುಕ್ಕಿನ ನೀರು ಬಂದರೆ, ಎಲ್ಲಾದರೂ ಹೊಟ್ಟೆ ಬಂದ ಹಾಗೆ ಉಬ್ಬಿದ್ದರೆ ಅದಕ್ಕೆ ಎಣ್ಣೆ ಬಿಟ್ಟು ಕಾಲ ಕಳೆಯಬೇಡಿ. ಹಳೆ ಕೇಬಲ್ಲಿನ ಮೈಮೇಲೆ ಅಚ್ಚಾದ ಪಾರ್ಟ್ ನಂಬರನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಹಲವು ತಯಾರಕರ ನಂಬರಿನ ಕೊನೆಯ ಎರಡು ಅಂಕಿಗಳೇ ಉದ್ದ, ಅಡಿಗಳಲ್ಲಿ. ನಂಬರ್ ಅಳಿಸಿದ್ದರೆ ಚಕ್ರದ ನಡುವಿನಿಂದ ಬೋಟಿನ ಬದಿಗೆ, ಬದಿಯ ಉದ್ದಕ್ಕೂ ಹಿಂದಕ್ಕೆ, ಅಲ್ಲಿಂದ ಟಿಲ್ಟ್ ಟ್ಯೂಬಿನ ನಡುವಿಗೆ ಹಗ್ಗ ಹಿಡಿದು ಅಳೆಯಿರಿ. ಅದಕ್ಕೆ 6 ಇಂಚು ಸೇರಿಸಿ, ಪ್ರತಿ ಮೂಲೆ ತಿರುವಿಗೆ 4 ಇಂಚು ಕಳೆದು, ಮುಂದಿನ ಪೂರ್ಣ ಅಡಿಗೆ ಏರಿಸಿ. ಗಿಡ್ಡವಾದರೆ ಕೇಬಲ್ ಚೂಪಾಗಿ ಮಡಚುತ್ತದೆ, ತೀರಾ ಉದ್ದವಾದರೆ ಸುರುಳಿ ಸುತ್ತಿ ಬಿಗಿಯಾಗುತ್ತದೆ.

ಹೆಲ್ಮ್ ಎರಡು ಬಗೆ. ಡ್ಯಾಶ್‌ಬೋರ್ಡಿನ ಹಿಂದೆ ದುಂಡನೆಯ ಡಬ್ಬ ಕಂಡರೆ ರೋಟರಿ, ಅಡ್ಡಕ್ಕೆ ಉದ್ದನೆಯ ಕೊಳವೆ ಕಂಡರೆ ರ‍್ಯಾಕ್. ರ‍್ಯಾಕ್ ಬಗೆಯಲ್ಲಿ ಕೇಬಲ್ ಜೊತೆಗೇ ರ‍್ಯಾಕೂ, ಅಂದರೆ ಆ ಹಲ್ಲಿನ ಪಟ್ಟಿಯೂ, ಬರುತ್ತದೆ. ಅಂಗಡಿಯವರಿಗೆ ಬಾಯಲ್ಲಿ ವಿವರಿಸಲು ಹೋಗಬೇಡಿ, ಫೋಟೋ ತೋರಿಸಿ. ನಾನು ಒಮ್ಮೆ ಬಾಯಲ್ಲಿ ಹೇಳಿ ಎರಡು ಸಲ ಬಸ್ಸು ಹತ್ತಿದ್ದೇನೆ.

ಹೊಸ ಕೇಬಲ್ ಎಳೆಯುವಾಗ ಹಳೆಯದರ ತುದಿಗೆ ಗಟ್ಟಿ ದಾರ ಕಟ್ಟಿ ಎಳೆದು ತೆಗೆದರೆ, ಅದೇ ದಾರ ಹೊಸತಕ್ಕೆ ದಾರಿ ತೋರಿಸುತ್ತದೆ. ಹಳೆ ಕೇಬಲ್ ತೆಗೆದ ಮೇಲೆ ಟಿಲ್ಟ್ ಟ್ಯೂಬನ್ನು ಉಜ್ಜದೆ ಹೊಸ ಸರಳು ತೂರಿಸಬೇಡಿ. ಇಂಜಿನ್ ತೋಳಿನಲ್ಲೋ ಬೋಟಿನ ಹಿಂಗೋಡೆಯಲ್ಲೋ ಬಿರುಕು ಕಂಡರೆ, ಟ್ಯೂಬಿನ ಬಾಯಿಯಲ್ಲಿ ನಟ್ ಕೂರುವ ತಿರುಪು ಸವೆದಿದ್ದರೆ, ಅಲ್ಲಿಗೆ ಸ್ಪಾನರ್ ಕೆಳಗಿಟ್ಟು ತಿಳಿದವರಿಗೆ ತೋರಿಸಿ. ಜನರನ್ನು ಕೂರಿಸಿಕೊಂಡು ಬಾಡಿಗೆ ಓಡಿಸುವ ಬೋಟಾದರೆ ಸರ್ವೇ ಮಾಡುವ ಅಧಿಕಾರಿಗೆ ತೋರಿಸದೆ ನೀರಿಗೆ ಇಳಿಸಲೇಬಾರದು.

ಎಲ್ಲ ಜೋಡಿಸಿದ ಮೇಲೆ ದಡದಲ್ಲೇ, ಇಂಜಿನ್ ಕೆಳಗಿಟ್ಟು ಒಮ್ಮೆ, ಅರ್ಧ ಎತ್ತಿ ಒಮ್ಮೆ, ಪೂರ್ತಿ ಎತ್ತಿ ಒಮ್ಮೆ ಚಕ್ರವನ್ನು ಕೊನೆಯಿಂದ ಕೊನೆಗೆ ತಿರುಗಿಸಿ. ಇಂಜಿನ್ ಎತ್ತಿದಾಗ ಮಾತ್ರ ಲಿಂಕ್ ಎಲ್ಲಿಗಾದರೂ ತಾಗುವುದುಂಟು. ಚಕ್ರ ಬಲಕ್ಕೆ ತಿರುಗಿಸಿದರೆ ಪ್ರೊಪೆಲ್ಲರಿನ ಬದಿಯೂ ಬಲಕ್ಕೆ ಬರಬೇಕು. ಮೊದಲ ಓಟ ಹೊಳೆಯ ನಿಂತ ನೀರಿನಲ್ಲಿ, ಇಳಿತ ಇಲ್ಲದ ಹೊತ್ತಿನಲ್ಲಿ, ಮೆಲ್ಲ. ಹಿಂದೆ ಬಂದ ಕೂಡಲೇ ಲಿಂಕಿನ ಎರಡು ನಟ್ಟುಗಳಿಗೆ ಮತ್ತೆ ಸ್ಪಾನರ್ ಹಾಕಿ ನೋಡಿ. ಅಳಿವೆ ದಾಟುವುದು ಅದರ ಮಾರನೆ ದಿನಕ್ಕೆ ಇರಲಿ.